ಹಗ್ಗ ಹಿಡಿಯುವವರು ಬೇಕಾಗಿದ್ದಾರೆ

ಆನ್ಸಿ ಊರಿನ ಬಳಿ, ಬರ್ಗಂಡಿ ಕಾಲುವೆಯ ದಂಡೆ
ಗುರುವಾರ, ಜೂನ್ 13

ಪ್ರೀತಿಯ ಫ್ಲೋರಾನ್,

ನಮ್ಮ ವಂಶದ ಚರಿತ್ರೆಯಲ್ಲಿ ಚಿನ್ನದ ಅಕ್ಷರದಲ್ಲಿ ಕೆತ್ತಿಸಬೇಕಾದ ಸಂಗತಿಯೊಂದು ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ನಡೆಯಿತು. ಒಂದು ಬಾತುಕೋಳಿ ತನ್ನ ಏಳು ಮರಿಗಳ ಸಮೇತ ನಮ್ಮ ದೋಣಿಯನ್ನು ಹಿಂದೆ ಹಾಕಿತು. ಕೊನೆಯ ಮರಿ ತಿರುಗಿ ನಿಮ್ಮಪ್ಪನನ್ನು ನೋಡಿದ ರೀತಿ ನನಗೆ ಸರಿಬರಲಿಲ್ಲ. ಅದಿರಲಿ, ನಿನ್ನ ಬೆನ್ನುನೋವು ಹೇಗಿದೆ? ಹಿಟ್ಟಿನ ಚೀಲ ಎತ್ತುವಾಗ ಮೊಣಕಾಲು ಬಾಗಿಸು ಅಂದಿದ್ದೆ. ನೆನಪಿದೆಯೋ, ಇಲ್ಲ ಆ ಮಾತನ್ನೂ ಬೇಕರಿ ಒಲೆಗೆ ಹಾಕಿದೆಯೋ? ನಾವು ಆರೋಗ್ಯ. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ, ದೋಣಿಯ ಉದ್ದ ಹನ್ನೆರಡು ಮೀಟರ್, ನಿಮ್ಮಪ್ಪನ ಕಿವಿ ಅದಕ್ಕಿಂತ ಉದ್ದ.

ಈ ಸಲ ನಮ್ಮ ಪ್ರಯಾಣ ಎಂದಿಗಿಂತ ನಿಧಾನ. ಫೊಂತನೆ ಮಠದಲ್ಲಿ ನಿಮ್ಮಪ್ಪ ಪ್ರತಿ ಕಂಬವನ್ನೂ ಮಾತಾಡಿಸಿದರು. ಬ್ಯುಫಾನಿನ ಹಳೇ ಕಬ್ಬಿಣದ ಕುಲುಮೆಯಲ್ಲಿ, ಏನೂ ಕೇಳದ ಡಚ್ ದಂಪತಿಗೆ ಮುಕ್ಕಾಲು ಗಂಟೆ ಉತ್ತರ ಹೇಳಿದರು. ಇಲ್ಲಿ ಆನ್ಸಿಯ ಅರಮನೆಯಲ್ಲಿ ಗೋಡೆ ತುಂಬ ಯುದ್ಧದ ಚಿತ್ರ ಬರೆದಿರುವ ಕೋಣೆಯಿದೆಯಲ್ಲ, ನಿನ್ನೆ ಅಲ್ಲಿ ಕುದುರೆಗಳನ್ನು ಎಣಿಸಿದರು. ಇವತ್ತು ಮತ್ತೆ ಅಲ್ಲಿಗೇ ಹೋಗಿದ್ದಾರೆ. "ಒಂದು ಕುದುರೆ ತಪ್ಪಿರಬೇಕು ಕಣೇ." ನಾನೂರು ವರ್ಷದಿಂದ ಅಲ್ಲೇ ನಿಂತಿರುವ ಕುದುರೆ ರಾತ್ರೋರಾತ್ರಿ ಎಲ್ಲಿಗೆ ಹೋದೀತು ಎಂದು ನಾನು ಕೇಳಲಿಲ್ಲ. ಸಂಸಾರ ಇಷ್ಟು ವರ್ಷ ನಡೆದಿರುವುದೇ ಕೆಲವು ಪ್ರಶ್ನೆ ಕೇಳದಿದ್ದಕ್ಕೆ.

ಇದಕ್ಕೆಲ್ಲ ಮೂಲ ಕಳೆದ ಸೋಮವಾರ. ಎರಡು ಗೇಟುಗಳ ನಡುವೆ ದೋಣಿಯನ್ನು ಕೆಳಗಿಳಿಸುವ ಆ ತೊಟ್ಟಿಯಲ್ಲಿ, ಅದೇ ಲಾಕಿನೊಳಗೆ, ನೀರು ಇಳಿಯುವಾಗ ಹಗ್ಗವನ್ನು ದಂಡೆಯ ಗೂಟಕ್ಕೆ ಬರೀ ಸುತ್ತಿ, ಸಡಿಲ ಬಿಡುತ್ತಾ ಹೋಗಬೇಕು, ಗಂಟು ಹಾಕಿದರೆ ದೋಣಿ ನೇತಾಡುತ್ತದೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ಮೂರು ವರ್ಷದ ಹಿಂದೆ ನೀನು ಕಟ್ಟಿದ ಗಂಟಿಗೆ ದೋಣಿ ವಾಲಿ ನನ್ನ ಅತ್ತೆಯವರ ಸೂಪಿನ ಬೋಗುಣಿ ಒಡೆದುಹೋಯಿತು. ನಾಲ್ಕು ಜನರೆದುರಿಗೆ ನಿಮ್ಮಪ್ಪ "ಇನ್ನು ನನ್ನ ಹಗ್ಗ ಮುಟ್ಟಬೇಡ, ಹಿಟ್ಟು ಕಲಸೋ ಕೈಗೆ ಇದು ಒಗ್ಗಲ್ಲ" ಅಂದರು. ನೀನು ದೋಣಿಯ ಮೇಲಿದ್ದ ಸೈಕಲ್ ಇಳಿಸಿಕೊಂಡು ಹೋದವನು ಮತ್ತೆ ಹತ್ತಲಿಲ್ಲ. ಅವರೂ ನಿನ್ನ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಬೇಕರಿಯವನ ಅಪ್ಪ ಮೂರು ವರ್ಷದಿಂದ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೊಟ್ಟಣದ ಬ್ರೆಡ್ಡು ತಿನ್ನುತ್ತಿದ್ದಾರೆ. ಈ ದೇಶದಲ್ಲಿ ಇದಕ್ಕಿಂತ ಘೋರವಾದ ಉಪವಾಸ ಬೇರೆ ಇಲ್ಲ.

ಮೊನ್ನೆ ಸೋಮವಾರ ಹಗ್ಗ ಅವರ ಕೈಯಲ್ಲೇ ಇತ್ತು. ಗೇಟು ನೋಡಿಕೊಳ್ಳುವ ಮದಾಂ ಪೆರ್ನೆಗೆ ಕುಲುಮೆಯ ಚರಿತ್ರೆ ಹೇಳುವ ಭರದಲ್ಲಿ ಗಂಟು ಹಾಕಿಬಿಟ್ಟರು. ನೀರು ಇಳಿಯಿತು, ದೋಣಿಯ ಒಂದು ಮಗ್ಗುಲು ಮಾತ್ರ ಇಳಿಯಲಿಲ್ಲ. ನಾನು ಬಟಾಣಿ ಸುಲಿಯುತ್ತಿದ್ದವಳು ಬಟಾಣಿಯ ಜೊತೆಯಲ್ಲೇ ಉರುಳಿದೆ. ಮದಾಂ ಓಡಿಹೋಗಿ ನೀರು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನ್ರೀ ಮೆಸ್ಯೂ, ಗೋಡೆಗೆ ನೇತುಹಾಕೋಕೆ ದೋಣಿಯೇನು ಚಿತ್ರಪಟವಾ?" ಅಂದಳು. ನೀನು ಚಿಕ್ಕವನಿದ್ದಾಗ ಅವರಿಗೆ ಕೊಟ್ಟ ಕಾಫಿ ಬಟ್ಟಲು ಒಡೆದಿತ್ತು. ನಿಮ್ಮಪ್ಪ ಚೂರುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಟ್ಟರು. ಸಂಜೆ, "ಆವತ್ತು ಅವನ ಕೈಯಲ್ಲೂ ಹಗ್ಗ ಒದ್ದೆಯಾಗಿತ್ತು, ಅಲ್ವೇನೇ?" ಅಂದರು. "ಕಾಲುವೆಯ ಹಗ್ಗ ಇನ್ನು ಹೇಗಿರುತ್ತೆ?" ಅಂದೆ. ನಗಲಿಲ್ಲ. ನಾಳೆ ಮಳೆ ಬರುತ್ತಾ ಎಂದು ಕೇಳುವ ಧಾಟಿಯಲ್ಲಿ, "ಅವನ ಬೇಕರಿಗೆ ರಜೆ ಈಗಲೂ ಸೋಮವಾರಾನೇನಾ?" ಅಂದರು.

ಲಾಕುಗಳಿಗೆ ಹನ್ನೆರಡರಿಂದ ಒಂದರವರೆಗೆ ಊಟದ ಬೀಗ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಒಳಗೆ ನುಗ್ಗುವುದೇ ನಿಮ್ಮಪ್ಪನ ಜೀವಮಾನದ ಶೌರ್ಯ. ಅಂಥವರು ಮಂಗಳವಾರದಿಂದ ದಿನವೂ ಸರಿಯಾಗಿ ಹನ್ನೆರಡೂ ಐದಕ್ಕೆ ಮುಚ್ಚಿದ ಗೇಟಿನ ಮುಂದೆ ಹಾಜರಾಗಿ, "ಛೆ, ತಪ್ಪಿಹೋಯ್ತು" ಅಂತ ಗಡಿಯಾರ ನೋಡಿಕೊಳ್ಳುತ್ತಾರೆ. ಇದು ತಡವಲ್ಲ ಮಗನೇ, ತಾಲೀಮು.

ನಿನ್ನ ಹಿಟ್ಟು ಚೆನ್ನಾಗಿ ಉಬ್ಬಲಿ, ಬೆನ್ನು ಮಾತ್ರ ಬೇಡ. ನಿನ್ನ ಬೆಕ್ಕಿಗೆ ನನ್ನ ವಂದನೆ.

ನಿನ್ನ ಅಮ್ಮ,
ಒಡೀಲ್

ತಾ. ಕ.: ಅರಮನೆಯಿಂದ ನಿಮ್ಮಪ್ಪ ವಾಪಸು ಬರುತ್ತಿರುವುದು ಕಾಣುತ್ತಿದೆ, ಬೇಗ ಬೇಗ ಬರೆದು ಮುಗಿಸುತ್ತೇನೆ. ಬರುವ ಸೋಮವಾರ ಹನ್ನೆರಡೂ ಐದಕ್ಕೆ ನಿಮ್ಮೂರು ತೊನೇರ್‌ನ ಲಾಕಿನ ಮುಂದೆ ಇರುತ್ತೇವೆ, ಒಂದು ಗಂಟೆ ಕಾಯುತ್ತೇವೆ. ಅವರು ಬಾಯಿಬಿಟ್ಟು ಕರೆಯುವವರಲ್ಲ. ದಂಡೆಯಲ್ಲಿ ಯಾರೂ ಇಲ್ಲವೇನೋ ಎಂಬಂತೆ ಎತ್ತಲೋ ನೋಡುತ್ತಾ ಹಗ್ಗ ಎಸೆಯುತ್ತಾರೆ. ಹಿಡಿದುಕೋ, ಏನೂ ಹೇಳಬೇಡ. ಮತ್ತೆ ಭಾನುವಾರ ಒಂದು ದುಂಡನೆ ಬ್ರೆಡ್ಡು ಎತ್ತಿಟ್ಟಿರು. ಸೋಮವಾರಕ್ಕೆ ಒಂಚೂರು ಒಣಗಿದ್ದರೂ ನಡೆಯುತ್ತೆ.