ಕೋಟಿನ ಎಡತೋಳು

ಅಂಗಡಿಯ ಹಿಂದಿನ ಕೋಣೆಯಿಂದ,
ತಾರೀಖು ಹನ್ನೊಂದು, ಗುರುವಾರ

ಪ್ರೀತಿಯ ಅಕ್ಕನ ಘನ ಸನ್ನಿಧಾನಕ್ಕೆ,

ನಿರುದ್ಯೋಗ ಖಾತೆಯ ಸಚಿವನಾದ ನಿನ್ನ ತಮ್ಮನು ತಲೆಬಾಗಿ ಮಾಡುವ ಅರಿಕೆ. ಹೇಗಿದ್ದೀಯಾ? ರಾತ್ರಿ ಪಾಳಿ ಮುಗಿಯಿತೇ? ಕಾಲಿನ ಊತ ಇಳಿಯಿತೇ? ವಾರ್ಡಿನಲ್ಲಿ ರೋಗಿಗಳನ್ನು ಗದರಿಸುವಾಗ ಸ್ವಲ್ಪ ಕರುಣೆ ಇರಲಿ. ನಿನ್ನ ಸೂಜಿಗಿಂತ ನಿನ್ನ ದನಿಗೇ ಅವರು ಹೆದರುತ್ತಾರೆಂದು ನನ್ನ ಗುಮಾನಿ. ನಾನು ಚೆನ್ನಾಗಿದ್ದೇನೆ. ಅಪ್ಪನೂ ಊಟ, ನಿದ್ದೆ, ಬೈಗುಳ ಯಾವುದನ್ನೂ ಕಡಿಮೆ ಮಾಡಿಲ್ಲ.

ಹೋಟೆಲಿನ ಸ್ವಾಗತದ ಮೇಜಿನ ಕೆಲಸಕ್ಕೆ ನನಗೆ ಸಂದರ್ಶನದ ಕರೆ ಬಂದಿತ್ತಲ್ಲ, ಏನು ಹಾಕಿಕೊಂಡು ಹೋಗಬೇಕೆಂದು ಮನೆಯಲ್ಲಿ ಮಹಾಸಭೆ ಸೇರಿತು. ಸಭಾಸದರು ನಾನು ಮತ್ತು ಅಪ್ಪ. ಇಸ್ತ್ರಿ ಮಾಡಿದ ಬಿಳಿ ಶರ್ಟು ಸಾಕು ಎಂಬ ನನ್ನ ಗೊತ್ತುವಳಿ ಕೂಡಲೇ ಬಿದ್ದುಹೋಯಿತು. "ದರ್ಜಿ ಮಗ ಬರೀ ಶರ್ಟಲ್ಲಿ ಹೋಗ್ತಾನಾ? ನನ್ನ ಮರ್ಯಾದೆ ಏನಾಗ್ಬೇಕೋ?" ಎಂದು ಅಪ್ಪ ಕೋಟು ಹೊಲಿಯಲು ಬೀರುವಿನಲ್ಲಿದ್ದ ಕಪ್ಪು ಬಟ್ಟೆ ತೆಗೆದರು. ನಿನಗೆ ಗೊತ್ತು, ಈಚೆಗೆ ಅಂಗಡಿಗೆ ಬರುವುದು ಜಿಪ್ ಹಾಕುವ, ಪ್ಯಾಂಟಿನ ಕಾಲು ಮಡಿಸುವ ಕೆಲಸವಷ್ಟೇ. ಕತ್ತರಿ ಹಿಡಿದಾಗ ಅವರ ಮುಖ ನೋಡಬೇಕಿತ್ತು, ಹೊಸ ಮದುಮಗ! ದಾರ ಪೋಣಿಸಲು ಪ್ರತಿ ಸಲ ನನ್ನನ್ನೇ ಕರೆಯುತ್ತಿದ್ದರು. ಯಜಮಾನಿಕೆಯ ಗತ್ತು ಎಂದುಕೊಂಡೆ.

ಸಂದರ್ಶನದ ದಿನ ಕೋಟು ಹಾಕಿಕೊಂಡು ಬೀದಿಯ ಬಿಸಿಲಿಗೆ ಬಂದಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ಕೋಟೆಲ್ಲಾ ಮಿರಿಮಿರಿ, ಎಡತೋಳು ಮಾತ್ರ ಮಂಕು ಬೂದು. ಬಟ್ಟೆಯ ಒಳಮೈ ಹೊರಗೆ ಮಾಡಿ ಹೊಲಿದಿದ್ದರು. ಬೆರಳಾಡಿಸಿಯೇ ಒಳಮೈ ಹೊರಮೈ ಹೇಳುತ್ತಿದ್ದ ಮನುಷ್ಯ, ಅಕ್ಕಾ! ಒಳಗೆ ಹೋದಮೇಲೆ ಕಳಚಿ ಕೈಮೇಲೆ ಹಾಕಿಕೊಳ್ಳೋಣವೆಂದರೆ, ಅಪ್ಪ ಹೋಟೆಲಿನವರೆಗೂ ಜೊತೆಗೇ ಬಂದರು. ನನ್ನ ಹೆಗಲು ಸವರಿ, "ಬಗ್ಗಬೇಡ, ನೆಟ್ಟಗೆ ಕೂತ್ಕೋ. ಕೋಟು ಕಾಣ್ಲಿ" ಎಂದರು. ಗಾಜಿನ ಬಾಗಿಲ ಹೊರಗೆ ನಿಂತೇ ಇದ್ದರು. ಬಿಚ್ಚಲು ನನಗೆ ಕೈ ಬರಲಿಲ್ಲ.

ಮೇಜಿನ ಆಚೆ ಮೂವರು. ಒಬ್ಬ ಹೆಂಗಸು ನನ್ನ ತೋಳನ್ನೇ ನೋಡುತ್ತಾ, "ಇದನ್ನ ಯಾರ್ರೀ ಹೊಲಿದಿದ್ದು?" ಎಂದರು. ಹೊಸ ಫ್ಯಾಷನ್ ಎಂದೆ. ಯಾರೂ ನಗಲಿಲ್ಲ. "ನಮ್ಮಲ್ಲಿಗೆ ಬರೋರು ಮೊದಲು ನೋಡೋದೇ ನಿಮ್ಮನ್ನ" ಎಂದರು ಇನ್ನೊಬ್ಬರು. ನನ್ನ ಓದು ಬರಹದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಹೊರಗೆ ಅಪ್ಪ, "ಏನಂದ್ರು?" ಎಂದರು. "ಕೋಟು ಹೊಲಿದೋರು ಯಾರು ಅಂತ ಕೇಳಿದ್ರು" ಎಂದೆ. ಸುಳ್ಳಲ್ಲ ತಾನೇ? ಮನೆಯವರೆಗೂ ನನಗಿಂತ ಮುಂದೆ ಮುಂದೆ ನಡೆದರು. ಮರುದಿನವೇ ಅಂಗಡಿಯ ಬೋರ್ಡು ಒರೆಸಿ, ಎದುರಿನ ಕ್ಷೌರದಂಗಡಿಯವನ ಮಗನ ಮದುವೆ ಕೋಟು ಒಪ್ಪಿಕೊಂಡರು. ದುಬಾರಿ ಬಟ್ಟೆ.

ಆರೋಗ್ಯ ನೋಡಿಕೋ. ನಿನ್ನ ಜೊತೆಯ ದಾದಿಯರಿಗೆಲ್ಲ ಸಚಿವಾಲಯದ ಶುಭಾಶಯ ತಿಳಿಸು.

ಇಂತು,
ಖಾತೆ ಉಳಿಸಿಕೊಂಡ ನಿನ್ನ ತಮ್ಮ

ವಿ.ಸೂ.: ಅಕ್ಕಾ, ರಜೆ ಕೊಡದಿದ್ದರೂ ಬಾ. ತೋಳಿನ ಸಂಗತಿ, ಸಂದರ್ಶನದಲ್ಲಿ ನಡೆದದ್ದು ಎಲ್ಲವನ್ನೂ ಇದ್ದ ಹಾಗೇ ನಿನ್ನೆ ಅಪ್ಪನಿಗೆ ಹೇಳಿದೆ. "ತರಲೆ ನನ್ಮಗನೇ, ಆ ಹೋಟ್ಲಲ್ಲೂ ಹೀಗೇ ಆಡಿರ್ತೀಯ" ಎಂದು ನಕ್ಕುಬಿಟ್ಟರು. ಇವತ್ತು ಸೂಜಿ ಅವರ ತೋರುಬೆರಳಿಗೇ ಇಳಿಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೂರಲು ಹೊರಟರು. ಅದಕ್ಕೇ ಮೆಷಿನ್ನಿನ ಬೆಲ್ಟು ಬಿಚ್ಚಿಬಿಟ್ಟೆ. ಎಲ್ಲಿ ಬಚ್ಚಿಟ್ಟೆಯೋ ಎಂದು ಬೈಯುತ್ತಾ ಮೇಜು, ಡ್ರಾಯರು, ನೆಲವೆಲ್ಲ ಕೈಯಿಂದ ತಡವುತ್ತಿದ್ದಾರೆ. ನಾನು ಬಚ್ಚಿಟ್ಟಿಲ್ಲ ಅಕ್ಕಾ. ಅವರೆದುರಿನ ಗೋಡೆಯ ಮೊಳೆಗೇ ನೇತುಹಾಕಿದ್ದೇನೆ.