ಜಾತಕದೊಳಗಿನ ಕಾಗದ

ಜುಲೈ 9, ಮಂಗಳವಾರ. ಕರೀಂನಗರ.

ಈ ಸಲ ಸಹಜ ಹೆರಿಗೆ ಆದೀತೇ ಎಂದು ಹೇಳಲು ಡಾಕ್ಟರಿಗೆ ಹಳೇ ಸಿಸೇರಿಯನ್ನಿನ ಕಾಗದ ಬೇಕಂತೆ. ಗರ್ಭಕೋಶವನ್ನು ಅಡ್ಡಕ್ಕೆ ಕುಯ್ದಿದ್ದರೆ ಪ್ರಯತ್ನಿಸಬಹುದಂತೆ. ಅತ್ತೆಯನ್ನು ಕೇಳಿದೆ.

"ಅದ್ಯಾಕೀಗ ಸ್ವರೂಪಾ? ಆವತ್ತು ಮಗು ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು, ಕುಯ್ದ್ರು. ಈ ಸಲಾನೂ ಪುರೋಹಿತರು ಪಂತುಲು ಹತ್ರ ಒಳ್ಳೇ ಗಳಿಗೆ ಬರೆಸ್ಕೊಂಡು ಬಂದಿದೀನಿ. ಸುಮ್ನೆ ಕುಯ್ಸ್ಕೋ."

ಕಾಗದ ಅವರ ಟ್ರಂಕಿನಲ್ಲೇ ಇತ್ತು, ನನ್ನ ಮಗಳ ಜಾತಕದೊಳಗೆ. ಕುಯ್ದದ್ದು ಅಡ್ಡಕ್ಕೇ. ಕೆಳಗೆ ಕಾರಣ ಬರೆದಿದ್ದರು: ಮನೆಯವರ ಕೋರಿಕೆಯಂತೆ, ಬೆಳಿಗ್ಗೆ 10.40ಕ್ಕೆ. ಬಳ್ಳಿಯ ಮಾತೇ ಇಲ್ಲ. ಸಹಿ ಅತ್ತೆಯದು.

ಕಾಗದವನ್ನು ನನ್ನ ಫೈಲಿನಲ್ಲಿಟ್ಟೆ. ಸಹಜ ಹೆರಿಗೆಗೇ ಪ್ರಯತ್ನಿಸುತ್ತೇನೆಂದು ನಾಳೆ ಡಾಕ್ಟರಿಗೆ ಹೇಳುತ್ತೇನೆ, ಸಹಿಯನ್ನೂ ನಾನೇ ಹಾಕುತ್ತೇನೆ.

ನಾಲ್ಕು ವರ್ಷದಿಂದ ಸ್ನಾನ ಮಾಡಿಸುವಾಗಲೆಲ್ಲ ಮಗಳ ಕೊರಳನ್ನೊಮ್ಮೆ ಮುಟ್ಟಿ ನೋಡುತ್ತೇನೆ. ಇವತ್ತು, ಎಲ್ಲ ಗೊತ್ತಾದ ಮೇಲೂ, ಮುಟ್ಟಿದೆ.