ಸಮೀಕರಣದಲ್ಲಿ ಸಿಕ್ಕಿಬಿದ್ದ ಅಮ್ಮ

ಭಾನುವಾರ, ಬೆಳಿಗ್ಗೆ
ಅಡುಗೆಮನೆಯ ಮೇಜಿನಿಂದ

ಚೂಟಿ,

ನಿನ್ನ ಅಮ್ಮನ ಪ್ರೀತಿ, ಜೊತೆಗೆ ಸ್ವಲ್ಪ ಸಿಟ್ಟು. ಸಿಟ್ಟು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ, ಅವಸರ ಮಾಡಬೇಡ. ಫೋನಿನಲ್ಲಾದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ. ಕಾಗದಕ್ಕೆ ಎದುರಾಡುವ ಹಾಗಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನೀನು ಫೋನ್ ಮಾಡಿ, ಸರೋವರದ ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ದಿನಾ ದೋಣಿಯಲ್ಲಿ ಹೋಗಿ ಪರೀಕ್ಷೆಗೆ ನೀರು ತರಬೇಕು, ಹೂಂ ಅನ್ನು ಅಮ್ಮ ಅಂತ ಕೇಳಿದೆ. ನಾನು ಸಾಧ್ಯವೇ ಇಲ್ಲ ಅಂತ ಫೋನ್ ಇಟ್ಟುಬಿಟ್ಟೆ. ನೀನು ಹಟ ಮಾಡಲಿಲ್ಲ. ಅಮ್ಮ ಒಪ್ಪದಿದ್ದರೆ ಬರುವ ಶನಿವಾರದೊಳಗೆ ಬೇಡ ಅಂತ ಬರೆದುಬಿಡುತ್ತೇನೆ ಅಂತ ಅಪ್ಪನ ಹತ್ತಿರ ಮಾತ್ರ ಹೇಳಿದೆಯಂತೆ. ಆಮೇಲೆ ಸದ್ದಿಲ್ಲದೆ ನಿನ್ನ ಪ್ರಬಂಧದ ಕರಡು ಕಳಿಸಿದೆ. ಜಗಳ ಆಡಿದ್ದರೆ ನಾನೇ ಗೆಲ್ಲುತ್ತಿದ್ದೆ. ಕರಡಿನ ಜೊತೆ ಹೇಗೆ ಜಗಳವಾಡಲಿ?

ಓದಿದೆ. ಮೊದಲ ಸಲ ತಲೆಬುಡ ಅರ್ಥವಾಗಲಿಲ್ಲ. ಲಿಫ್ಟ್ ತಪಾಸಣೆ ಮಾಡುವವಳಿಗೆ ಹಗ್ಗ ಸವೆಯುವ ಲೆಕ್ಕ ಗೊತ್ತು, ಹುಳದ ಲೆಕ್ಕ ಎಲ್ಲಿ ಗೊತ್ತು? ಎರಡನೇ ಸಲ ಸಮೀಕರಣ ಬಂದಲ್ಲೆಲ್ಲ ಹಾರಿಕೊಂಡು, ನಡುವಿನ ಮಾತುಗಳನ್ನಷ್ಟೇ ಓದಿದೆ. ಆಗ ದಾರಿ ಸಿಕ್ಕಿತು. ಸಾಸಿವೆಗಿಂತ ಸಣ್ಣ ನೀರುಚಿಗಟ, ಅದನ್ನು ನುಂಗುವ ಮೀನು. ನೀರಲ್ಲಿ ಮೀನಿನ ವಾಸನೆ ಬಡಿದರೆ ತಾಯಿ ಚಿಗಟ ತಲೆಯ ಮೇಲೆ ಚೂಪು ಕೊಂಬಿರುವ ಮರಿಗಳನ್ನೇ ಹಾಕುತ್ತದೆ, ಮೀನಿನ ಗಂಟಲಿಗೆ ಅದು ಚುಚ್ಚುತ್ತದೆ. ಭಲೆ ಅಂದುಕೊಂಡೆ. ಆದರೆ ಕೊಂಬು ಪುಕ್ಕಟೆ ಬರುವುದಿಲ್ಲವಂತೆ. ಕೊಂಬು ಬೆಳೆಸಿಕೊಂಡ ಚಿಗಟಕ್ಕೆ ಮೊಟ್ಟೆ ಇಡಲು ಶಕ್ತಿ ಸಾಲುವುದಿಲ್ಲ. ಎಷ್ಟು ಕೊಂಬು, ಎಷ್ಟು ಮೊಟ್ಟೆ, ಎಷ್ಟು ಮೀನು, ಇವೆಲ್ಲ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತವೆ ಅನ್ನುವುದೇ ನಿನ್ನ ಇಡೀ ಗಣಿತ. ಸರಿ ತಾನೆ? ತಪ್ಪಿದ್ದರೆ ನಿನ್ನ ಗೈಡ್‌ಗೆ ಹೇಳಬೇಡ.

ಇಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಆ ಪುಟ ಬಂತು. ತಾಯಿಯ ಹೆದರಿಕೆಯಲ್ಲಿ ಎಷ್ಟು ಪಾಲು ಮರಿಗೆ ದಾಟುತ್ತದೆ ಅನ್ನುವುದಕ್ಕೆ ನಿನಗೊಂದು ಅಕ್ಷರ ಬೇಕಾಗಿತ್ತು. ಲೋಕದಲ್ಲಿ ಇಷ್ಟೊಂದು ಅಕ್ಷರಗಳಿದ್ದವು. ನೀನು ‘ಅ’ ಅಂತ ಇಟ್ಟೆ, ಸಾಲದ್ದಕ್ಕೆ ಪುಟದ ಕೆಳಗೆ ‘ಅ ಅಂದರೆ ಅಮ್ಮ’ ಅಂತ ಟಿಪ್ಪಣಿ ಬೇರೆ! ಹೆತ್ತ ತಾಯಿಯನ್ನು ಹೀಗೆ ಸಮೀಕರಣಕ್ಕೆ ಸಿಕ್ಕಿಸುವುದಾ? ಸಿಟ್ಟು ಇದಕ್ಕೇ. ಅದೇ ಪುಟವನ್ನು ಆಫೀಸಿಗೆ ಒಯ್ದು ಎಲ್ಲರಿಗೂ ತೋರಿಸಿಕೊಂಡು ಬಂದೆ ಅನ್ನುವುದು ಬೇರೆ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಚಿಗಟ.

‘ಅ’ ಸೊನ್ನೆಯಾದರೆ ಮೊದಲ ಮರಿಗಳು ಬರಿತಲೆಯಲ್ಲಿ ಹುಟ್ಟಿ ಮೀನಿನ ಬಾಯಿಗೆ ಬೀಳುತ್ತವೆ. ಇದನ್ನು ಓದಿದವಳೇ, ನೋಡಿದ್ರಾ, ನಾನು ಹೇಳಿದ್ದೇ ಸರಿ ಅಂತ ನಿಮ್ಮಪ್ಪನ ಮುಂದೆ ಬೀಗಿದೆ. ಅವರು ಪೇಪರಿನಿಂದ ತಲೆ ಎತ್ತದೆ ಪುಟ ತಿರುಗಿಸು ಅಂದರು. ತಿರುಗಿಸಿದೆ. ‘ಅ’ ಪೂರ್ತಿ ಒಂದಾದರೆ, ಮೀನು ಇಲ್ಲವಾಗಿ ಎಷ್ಟೋ ತಲೆಮಾರು ಕಳೆದರೂ ಮರಿಗಳು ಕೊಂಬು ಹೊತ್ತೇ ಹುಟ್ಟುತ್ತವೆ. ಮೊಟ್ಟೆ ಕಡಿಮೆಯಾಗುತ್ತಾ ಹೋಗಿ ಕೊನೆಗೆ ನಿನ್ನ ಲೆಕ್ಕದ ತೊಟ್ಟಿಯಲ್ಲಿ ಬರೀ ನೀರು. ತಿನ್ನುವವರೇ ಇಲ್ಲದ ಕಡೆ ವಂಶ ಹೆದರಿಕೆಯಿಂದಲೇ ಅಳಿಯಿತು ಅಂತ ಬರೆದಿದ್ದೀಯ. ಅವತ್ತು ನನಗೆ ಊಟ ಸೇರಲಿಲ್ಲ.

ನಿನಗೇ ಗೊತ್ತು, ಎತ್ತರ ನನಗೆ ಲೆಕ್ಕಕ್ಕಿಲ್ಲ. ಹದಿನೆಂಟನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಬ್ರೇಕ್ ನೋಡುತ್ತೇನೆ. ನೀರು ಮಾತ್ರ ಮೊಣಕಾಲಿಗೆ ಬಂದರೂ ಜೀವ ಬಾಯಿಗೆ ಬರುತ್ತದೆ. ನೀನು ಹಾಸ್ಟೆಲಿನಲ್ಲಿ ಕದ್ದು ಈಜು ಕಲಿತದ್ದು ಗೊತ್ತಾದ ದಿನ ಮನೆಯನ್ನೇ ತಲೆಯ ಮೇಲೆ ಹೊತ್ತಿದ್ದೆನಲ್ಲ. ಈ ಹೆದರಿಕೆಗೆ ಬೇರು ಯಾವುದು ಅಂತ ನೋಡೇಬಿಡೋಣ ಅನ್ನಿಸಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆತನದಲ್ಲಿ ನೀರಿಗೆ ಬಿದ್ದು ಹೋದವರು ಯಾರು ಅಂತ ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, ಯಾರೂ ಇಲ್ಲ ಕಣೆ, ನಿನಗೆ ಗೊತ್ತಿರಬೇಕು ಅಂತ ನಾನಂದುಕೊಂಡಿದ್ದೆ ಅಂದಳು. ಮತ್ತೆ ನಮ್ಮಮ್ಮ ಯಾಕೆ ನಮ್ಮನ್ನು ನೀರಿನ ಹತ್ತಿರ ಬಿಡುತ್ತಿರಲಿಲ್ಲ ಅಂದೆ. ಅಮ್ಮನನ್ನು ಅಜ್ಜಿ ಬಿಟ್ಟಿರಲಿಲ್ಲ, ನೀರಲ್ಲಿ ಗುಮ್ಮ ಇದ್ದಾನೆ ಅನ್ನುತ್ತಿದ್ದಳಂತೆ, ಅದಕ್ಕೆ ಅಂದಳು. ಆಮೇಲೆ ಅವಳಿಗೆ ನಗು ಬಂತು, ನನಗೂ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಜ್ಜಿಯಿಂದ ನಿನ್ನವರೆಗೆ ನಾಲ್ಕು ತಲೆಮಾರು, ಚೂಟಿ! ಮೀನೇ ಇಲ್ಲದ ತೊಟ್ಟಿಯಲ್ಲಿ ಇಷ್ಟುದ್ದ ಕೊಂಬು ಹೊತ್ತು ಕೂತಿದ್ದೇವೆ.

ಹಾಗಂತ ‘ಅ’ವನ್ನು ಸೊನ್ನೆ ಮಾಡು ಅಂತ ಕೇಳಬೇಡ, ಅದು ನನ್ನಿಂದ ಆಗುವ ಕೆಲಸವಲ್ಲ. ನಿನ್ನ ನಕ್ಷೆಯ ನಡುವೆ ಗುಡ್ಡದ ಹಾಗೆ ಒಂದು ಉಬ್ಬು ಇದೆಯಲ್ಲ, ಕೊಂಬೂ ಇರುತ್ತದೆ, ಮೊಟ್ಟೆಯೂ ಇರುತ್ತದೆ ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ನಿಲ್ಲಲು ಒಪ್ಪಿದ್ದೇನೆ. ಹೋಗು. ಸಂತೋಷವಾಗಿ ಹೋಗು. ಶನಿವಾರದ ತನಕ ಕಾಯದೆ, ಈ ಕಾಗದ ಸಿಕ್ಕಿದ ದಿನವೇ ಬರುತ್ತೇನೆ ಅಂತ ಬರೆದುಹಾಕು. ನನಗೆ ಈಗಲೂ ಹೆದರಿಕೆಯೇ. ಆದರೆ ನನ್ನ ಹೆದರಿಕೆ ನನ್ನದು, ಅದನ್ನು ನೀನು ಹೊರಬೇಕಾಗಿಲ್ಲ. ದೋಣಿ ಹತ್ತುವಾಗ ಜಾಕೆಟ್ ಹಾಕಿಕೋ, ಇಳಿದ ಮೇಲೆ ಒಂದು ಮೆಸೇಜ್ ಹಾಕು. ಇದನ್ನೂ ಕೇಳಬಾರದು ಅಂದರೆ ನಾನು ಇದ್ದೇನು ಪ್ರಯೋಜನ?

ಅಪ್ಪ ಚೆನ್ನಾಗಿದ್ದಾರೆ. ತಾನೇನೂ ಮಾಡಿಲ್ಲ ಅನ್ನುವ ಮುಖ ಮಾಡಿಕೊಂಡು ಓಡಾಡುತ್ತಿದ್ದಾರೆ.

ಗಣಿತ ಬಾರದ, ಆದರೂ ಗಣಿತದೊಳಗಿರುವ,
ನಿನ್ನ ಅಮ್ಮ

ಮರೆತಿದ್ದೆ: ಶುಕ್ರವಾರ ನಾನು ಪಕ್ಕದ ಊರಿಗೆ ಲಿಫ್ಟ್ ನೋಡಲು ಹೋಗಿದ್ದೆ ಅಂತ ಅಪ್ಪ ನಂಬಿದ್ದಾರೆ, ನಂಬಿಕೊಂಡೇ ಇರಲಿ. ಹೋಗಿದ್ದು ನಿನ್ನ ಸರೋವರಕ್ಕೆ. ದೊಡ್ಡಮ್ಮನ ಜೊತೆ ಅಷ್ಟು ನಕ್ಕರೂ ಗುಮ್ಮ ಒಳಗಿನಿಂದ ಹೋಗಿರಲಿಲ್ಲ. ದೋಣಿಯಲ್ಲಿ ಏನಾದರೂ ಕೊರತೆ ಹುಡುಕಿ ಬೇಡವೇ ಬೇಡ ಅನ್ನೋಣ ಅಂತಲೇ ಹೋದೆ. ಹಲಗೆ ತಟ್ಟಿದೆ, ಜಾಕೆಟ್ಟಿನ ಪಟ್ಟಿಗಳನ್ನು ಎಳೆದೆ, ಹುಟ್ಟು ಎತ್ತಿ ನೋಡಿದೆ. ಹಾಳಾದ್ದು, ಒಂದು ಕೊರತೆಯೂ ಸಿಗಲಿಲ್ಲ. ದೋಣಿ ನಡೆಸುವವಳು ಒಂದು ಸುತ್ತು ಬರ್ತೀರಾ ಅಕ್ಕಾ ಅಂದಳು. ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಕಾಲು ದೋಣಿಯಲ್ಲಿತ್ತು. ಕಣ್ಣು ಮುಚ್ಚಿ, ಎರಡೂ ಅಂಚು ಹಿಡಿದು ಕೂತೆ. ನಡುನೀರಿನಲ್ಲಿ ಒಂದು ಕೈ ಬಿಟ್ಟು ನೀರಿಗೆ ಅದ್ದಿದೆ. ತಣ್ಣಗಿತ್ತು, ಅಷ್ಟೇ. ದಡಕ್ಕೆ ಬಂದಾಗ ಅವಳು ಇಳಿಸಿಕೊಳ್ಳಲು ಕೈ ಚಾಚಿದಳು. ನಾನು ಇಳಿಯಲಿಲ್ಲ. ಇನ್ನೊಂದು ಸುತ್ತು ಹೋಗೋಣ ಅಂದೆ.